ಮೂರು ಮನೆಯಿಂದ ವಾಪಸಾದ ನಾಯಿ

ಬೊಗಳುವುದನ್ನು ಮಾತಾಗಿಸುವ ಹೊಸ ಕೊರಳಪಟ್ಟಿಯ ಮೂಲಕ ನಾಯಿಗಳು ಮಾತಾಡತೊಡಗಿದ ಮೇಲೆ ಅನಾಥ ನಾಯಿಗಳ ಆಶ್ರಮದಲ್ಲಿ ಸಂತೆಯ ಗದ್ದಲ. "ನನ್ನ ಕರ್ಕೊಂಡೋಗಿ, ಸೋಫಾ ಕಚ್ಚಲ್ಲ" ಎಂದು ಎಲ್ಲವೂ ಗೋಗರೆಯುತ್ತಿದ್ದವು. ಮೂಲೆಯಲ್ಲಿದ್ದ ಗುಂಗುರು ಕೂದಲಿನ ಪೂಡಲ್ ಮಿಶ್ರತಳಿಯ ನಾಯಿ ಮಾತ್ರ ತುಟಿಪಿಟಕ್ಕೆನ್ನದೆ ಕೂತಿತ್ತು. ಸಾಕಲು ನಾಯಿ ಹುಡುಕಿ ಬಂದಿದ್ದ ಗಿರಿಜಾಂಬಳಿಗೆ ಅದೇ ಅನುಮಾನ.

"ಮೂರು ಮನೆಯವರು ವಾಪಸ್ ಬಿಟ್ಟೋದ್ರು ಅಂತೀರಿ. ಕಚ್ಚುತ್ತಾ?"

"ಇಲ್ಲಮ್ಮಾ, ಬಂಗಾರದಂಥ ನಾಯಿ," ಎಂದಳು ಆಶ್ರಮದ ನಫೀಸಾ, ಕಣ್ಣು ತಪ್ಪಿಸಿ.

ಗಂಡ ಶೇಷಾದ್ರಿ ಬಾಗಿಲ ಬಳಿಯಿಂದಲೇ ಅವಸರಪಡಿಸಿದ. "ಆ ಪಟ್ಟಿ ಬಿಚ್ಚಿಸಿ ಕರ್ಕೊಂಡ್ಬಾ. ಬೊಗಳಿದ್ರೆ ಸಾಕು ನಮಗೆ."

ಅನುಮಾನ ನಾಯಿಯನ್ನು ಬಿಟ್ಟು ಗಂಡನ ಕಡೆ ತಿರುಗಿತು. ಭಾನುವಾರ ಮಧ್ಯಾಹ್ನವಾದರೂ ಸ್ನಾನ ಮಾಡದ ಮನುಷ್ಯ ಇವತ್ತು ಬೆಳಗ್ಗೆಯೇ ಮಿಂದು, ಮದುವೆಗೆ ಹೊರಟವನಂತೆ ಸೆಂಟು ಸುರಿದುಕೊಂಡು ಬಂದಿದ್ದ.

"ಇಲ್ಲಿ ಬನ್ನಿ. ನಾಯಿಗೆ ಕೈ ಕೊಡಿ."

ಅವನು ಒಲ್ಲದ ಮನಸ್ಸಿನಿಂದ ಕೈ ಚಾಚಿದ. ನಾಯಿ ಬೆರಳು ಮೂಸಿ, ಸೀನಿ, ನಫೀಸಾಳ ಮುಖ ನೋಡಿತು. "ಹೇಳಿದ್ರೆ ಇವರೂ ಬಿಟ್ಟೋಗ್ತಾರೆ."

"ಹೇಳು ಕಂದಾ," ಎಂದಳು ಗಿರಿಜಾಂಬ.

"ಸೆಂಟಿನ ಕೆಳಗೆ ಸಿಗರೇಟು. ಇವತ್ತಿಂದೇ."

ತನ್ನ ಎದೆಯ ಆಪರೇಷನ್ ಆದ ದಿನ ಶೇಷಾದ್ರಿ ಅವಳ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟಿದ್ದ ಸಿಗರೇಟು.

"ಇದು ಬೇಡ ಕಣೇ, ಬೇರೆ ನೋಡೋಣ," ಎಂದ ಶೇಷಾದ್ರಿ.

ಗಿರಿಜಾಂಬ ಆಗಲೇ ನಾಯಿಯನ್ನು ಎತ್ತಿಕೊಂಡಿದ್ದಳು. "ಇನ್ಮೇಲೆ ಇದು ನಿಮ್ಮ ಮಂಚದ ಪಕ್ಕಾನೇ ಮಲಗುತ್ತೆ."