ಇನ್ನೊಬ್ಬಳ ಕಾರ್ಡು

ಊರಿಗೆ ಒಯ್ಯುವ ಟಂಟಂ ಆಟೊ ಹೊರಡುವ ಹೊತ್ತಿಗೆ ನೋಡಿದರೆ ಚಂದ್ರಾಬಾಯಿಯ ಜಾಗ ಖಾಲಿ. ಸಾವಂತ್ರವ್ವ ಮತ್ತೊಮ್ಮೆ ಎಲ್ಲರ ಮುಖ ನೋಡಿದಳು. ಚಂದ್ರಾಬಾಯಿಯ ಕಾರ್ಡನ್ನು ಗೇಟಿನ ಮಷೀನಿಗೆ ತೋರಿಸಿ, ಅವಳು ಹೊರಗೆ ಹೋದಳೆಂದು ಸಾರಿ ಬಂದವಳು ತಾನೇ ಆಗಿದ್ದಳು.

ಅಥಣಿ ರಸ್ತೆಯ ಆ ಕೋಲ್ಡ್ ಸ್ಟೋರೇಜಿನಲ್ಲಿ ಅರಕೇರಿಯ ಹೆಂಗಸರು ಒಂದು ತಂಪು ಕೋಣೆಯಲ್ಲಿ, ಬಿಜ್ಜರಗಿಯವರು ಪಕ್ಕದ ಖೋಲಿಯಲ್ಲಿ ಒಣದ್ರಾಕ್ಷಿಯ ಬಾಕ್ಸ್ ಜೋಡಿಸುತ್ತಾರೆ. ಟಂಟಂನವನು ಯಾರಪ್ಪನಿಗೂ ಕಾಯುವವನಲ್ಲ. ಹಾಗಾಗಿ ಮೊದಲು ಗೇಟು ಮುಟ್ಟಿದವಳು ಎಲ್ಲರ ಕಾರ್ಡನ್ನೂ ತೋರಿಸಿಬಿಡುವುದು ಅವರ ರೂಢಿ. ಹಳಬರದು ಬಿಸ್ಕೀಟಿನಷ್ಟು ದಪ್ಪ ಕಾರ್ಡು, ಹೊಸಬರದು ಎಟಿಎಂ ಕಾರ್ಡಿನಂತೆ ತೆಳ್ಳಗಿನದು. ಮಷೀನು ಭೇದಭಾವವಿಲ್ಲದೆ ಎರಡಕ್ಕೂ ‘ಟೀಂ’ ಎನ್ನುತ್ತದೆ. ಹಿಡಿದ ಕೈ ಯಾರದೆಂದು ಅದಕ್ಕೇನು ಗೊತ್ತು! ಇವತ್ತು ಚಂದ್ರಾಬಾಯಿ ಒಳಗೆ ಶಾಲು ಮರೆತಿದ್ದಳು. ನೀ ತೋರಿಸಿರು, ಬಂದೆ ಎಂದು ಕಾರ್ಡು ಕೊಟ್ಟು ತಿರುಗಿ ಹೋದವಳು ಬಂದಿರಲಿಲ್ಲ.

ಸಾವಂತ್ರವ್ವ ಟಂಟಂ ಇಳಿದು ಓಡಿದಳು. ಅವರು ಕೆಲಸ ಮಾಡಿದ ಖೋಲಿಗೆ ಆಗಲೇ ಬೀಗ ಬಿದ್ದಿತ್ತು. ನಾಳೆ ಅಮಾವಾಸ್ಯೆ, ಕೆಲಸಕ್ಕೆ ರಜೆ. ಸೂಪರ್‌ವೈಸರ್ ಸಂಗು ಬೈಕಿಗೆ ಕಿಕ್ ಹೊಡೆಯುತ್ತಿದ್ದ. ಚಂದ್ರಾಬಾಯಿ ಒಳಗೇ ಇದ್ದಾಳೆಂದರೆ ಅವನು ನಕ್ಕು, ಮೊಬೈಲ್ ತೆಗೆದು ಗೇಟಿನ ಹಾಜರಿಯನ್ನು ಅವಳ ಮುಖದ ಮುಂದೆ ಹಿಡಿದ.

“ಆಕಿ ಹೊರಗ ಹೋಗ್ಯಾಳ, ನೋಡಬೇ. ಇಲ್ಲೇ ಬಂದೈತಿ. ಮಷೀನ್ ಸುಳ್ಳ ಹೇಳ್ತೈತೇನು?”

ಒಬ್ಬರ ಕಾರ್ಡು ಇನ್ನೊಬ್ಬರು ತೋರಿಸಿದರೆ ಇಬ್ಬರನ್ನೂ ಮನೆಗೆ ಕಳಿಸುತ್ತೇನೆಂದು ಮಾಲಕರು ಸಾರಿ ಸಾರಿ ಹೇಳಿದ್ದರು. ಎರಡು ಮನೆಯ ಅನ್ನದ ಮಾತು. ಒಳಗಿನಿಂದ ಬಾಗಿಲು ತೆಗೆಯುವ ಚಿಲಕ ಕೆಟ್ಟು ತಿಂಗಳಾಗಿತ್ತು. ಆ ದಪ್ಪ ಬಾಗಿಲಿನಾಚೆ ಕೂಗಿಕೊಂಡರೂ ಈಚೆ ಇರುವೆಗೂ ಕೇಳುವುದಿಲ್ಲ. ಸುಮ್ಮನೆ ಒಮ್ಮೆ ತೆಗೆದು ನೋಡಿ ಎಂದು ಸಾವಂತ್ರವ್ವ ಗೋಗರೆದಳು. ಸಂಗು ಬೈಕ್ ತಿರುಗಿಸಿದ. ಅವಳು ಓಡಿ ಹೋಗಿ ಹ್ಯಾಂಡಲ್ ಹಿಡಿದಳು.

“ಯಪ್ಪಾ, ಆಕಿ ಕಾರ್ಡ್ ತೋರ್ಸಿದಾಕಿ ನಾನು. ನಾಳಿಂದ ಇಬ್ರೂ ಬರಬ್ಯಾಡ್ರಿ ಅನ್ರಿ, ಬರೂದಿಲ್ಲ. ಈಗ ಕೀಲಿ ತಗೀರಿ.”

ಸಂಗು ಬೈಕ್ ಅಲ್ಲೇ ಕೆಡವಿ ಬಾಗಿಲಿಗೆ ಓಡಿದ. ಬಾಗಿಲು ತೆರೆದಾಗ ತಣ್ಣನೆಯ ಹೊಗೆಯ ಜೊತೆ ಚಂದ್ರಾಬಾಯಿ ಹೊರಗೆ ಕುಸಿದಳು. ಬಾಗಿಲು ಬಡಿದು ಬಡಿದು ಅವಳ ಎರಡೂ ಮುಷ್ಟಿ ಬಾತುಕೊಂಡಿದ್ದವು. ಹಲ್ಲು ಕಟಕಟಿಸುತ್ತಿತ್ತು. ಸಾವಂತ್ರವ್ವ ಅವಳನ್ನು ಸಂಜೆಬಿಸಿಲಿಗೆ ಎಳೆದು, ಅಳುತ್ತ ಅಂಗಾಲು ತಿಕ್ಕತೊಡಗಿದಳು. ಬದುಕಿದ್ದಾಳೆ, ಅಷ್ಟು ಸಾಕು ಎನಿಸಿತು.

ಸಂಗು ಮೆಲ್ಲಗೆ ಕೇಳಿದ.

“ಬಿಜ್ಜರಗಿ ಮಂದೀನೂ ಹಿಂಗ ಮಾಡ್ತಾರೇನು?”

ಸಾವಂತ್ರವ್ವ ಅಂಗಾಲು ತಿಕ್ಕುತ್ತಲೇ ಹೂಂ ಎಂದಳು. ಬಿಜ್ಜರಗಿಯವರ ಗಾಡಿ ಆಗಲೇ ಹೋಗಿತ್ತು. ಸಂಗು ಕೈಯಲ್ಲಿದ್ದ ಮೊಬೈಲಿನ ಕಡೆ ನೋಡಲೂ ಇಲ್ಲ. ಬೀಗದ ಕೈಗಳ ಗೊಂಚಲು ಹಿಡಿದು ಮುಂದಿನ ಖೋಲಿಗೆ ಓಡಿ, ಬಾಗಿಲು ತೆರೆದು, ಒಳಗಿನ ಕತ್ತಲಿಗೆ ಮುಖ ಇಟ್ಟು ಒಬ್ಬೊಬ್ಬಳದೇ ಹೆಸರು ಹಿಡಿದು ಕೂಗತೊಡಗಿದ.