ಮಾತಿಲ್ಲದ ಜಾಗ

ಮೋಡೆಮ್ಮು ಮೂರನೆಯ ಸಲ ಕಿರುಚಿ ಸುಮ್ಮನಾಯಿತು. ಇಲೊಯಿಲೊ ಊರಿನ ಫೋನ್ ತಂತಿಗೆ ಐದು ನಿಮಿಷಕ್ಕಿಂತ ಹೆಚ್ಚು ದಮ್ಮಿಲ್ಲ. ಅಪ್ಪನ ದನಿಯ ಫೈಲು ಹೋಗಲು ಹನ್ನೊಂದು ನಿಮಿಷ ಬೇಕು. ಲುಡಿವಿನಾಳಿಗೆ ಅಳುವೇ ಬಂತು. ತಮ್ಮ ರೆನಾಂಟೆಯ ಹಡಗು ಮಧ್ಯಾಹ್ನಕ್ಕೆ ಸಿಂಗಪುರ ಬಿಡುತ್ತದೆ. ಅಲ್ಲೇ ಇಳಿದರೆ ನಾಳೆ ಮನೆಯಲ್ಲಿರುತ್ತಾನೆ. ಇಳಿಯದಿದ್ದರೆ ಮುಂದಿನ ಬಂದರು ಆಫ್ರಿಕಾದಲ್ಲಿ. ಅಪ್ಪನಿಗೆ ಅಷ್ಟು ದಿನವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಹಡಗಿನ ಫೋನು ಕ್ಯಾಪ್ಟನ್ನನ ಸ್ವತ್ತು, ಉಳಿದವರಿಗೆ ಅಲ್ಲಿನ ಕಂಪ್ಯೂಟರಿಗೆ ಬಂದ ಇಮೇಲೇ ಗತಿ. ನಾಲ್ಕು ಸಾಲು ಬರೆದು ಕಳಿಸೋಣವೆಂದರೆ ಅಪ್ಪ ಬಿಟ್ಟಿರಲಿಲ್ಲ.

"ಕಾಯಿಲೆ ಗೀಯಿಲೆ ಅಂತ ಬರೆದ್ಯೋ, ನೋಡು ಮತ್ತೆ. ನಾನೇ ಮಾತಾಡ್ತೀನಿ."

ಮೈಕು ಹಿಡಿದು ಎರಡು ನಿಮಿಷದಲ್ಲಿ ಅವರು ಆಡಿದ್ದು ಐದಾರು ಮಾತು. ಒಂದೊಂದು ಪದಕ್ಕೂ ಉಸಿರು ಹುಡುಕಬೇಕಾಗಿತ್ತು. ಲುಡಿವಿನಾ ಹಟ ಮಾಡಲಿಲ್ಲ. ತಮ್ಮನೇನು ದಡ್ಡನಲ್ಲ, ಆ ದನಿ ಕೇಳಿದರೆ ಹಡಗಿನಿಂದ ಹಾರಿಯಾದರೂ ಬರುತ್ತಾನೆ ಎಂದುಕೊಂಡಿದ್ದಳು.

"ಇನ್ನೂ ಹೋಗ್ಲಿಲ್ವೇನೇ?" ಅಮ್ಮ ಅಡುಗೆಮನೆಯಿಂದ ಕೂಗಿದಳು.

"ಹೋಗುತ್ತಮ್ಮಾ, ಪ್ರಾಣ ತಿನ್ಬೇಡ!"

ಜಿಪ್ ಮಾಡಿ ಕುಗ್ಗಿಸಲು ನೋಡಿದಳು, ಫೈಲು ಜಗ್ಗಲಿಲ್ಲ. ಗಂಟೆ ಹನ್ನೊಂದೂವರೆ. ಆಗ ಕಣ್ಣಿಗೆ ಬಿದ್ದದ್ದು ದನಿ ಹಿಡಿದ ಪ್ರೋಗ್ರಾಮಿನ ಮೆನುವಿನ ಕೊನೆಯ ಸಾಲು: ಸದ್ದಿಲ್ಲದ ಜಾಗಗಳನ್ನು ತೆಗೆ. ಒತ್ತಿಯೇ ಬಿಟ್ಟಳು. ಫೈಲು ಮೂರರಲ್ಲೊಂದು ಪಾಲಿಗೆ ಇಳಿಯಿತು. ಕೇಳಿ ನೋಡಲು ಪುರುಸೊತ್ತೆಲ್ಲಿ? ಅಪ್ಪ ಆಡಿದ ಮಾತು ಒಂದೂ ಹೋಗಿಲ್ಲವಲ್ಲ, ಅಷ್ಟು ಸಾಕು. ನಾಲ್ಕೇ ನಿಮಿಷದಲ್ಲಿ ಸಿಂಗಪುರ ತಲುಪಿತು. ಬೆಳಗಿನಿಂದ ಮೊದಲ ಸಲ ಅವಳು ಕುರ್ಚಿಗೆ ಬೆನ್ನು ಆನಿಸಿದಳು.

ಒಂದು ಗಂಟೆಗೆ ಉತ್ತರ ಬಂತು.

"ಅಕ್ಕಾ, ಅಪ್ಪನ ದನಿ ಕೇಳಿ ಹೋದ ಜೀವ ಬಂತು. ಎಷ್ಟು ಚುರುಕಾಗಿ ಮಾತಾಡಿದ್ದಾರೆ! ನಾನೇ ಸುಮ್ನೆ ಹೆದರಿದ್ದೆ. ರಜೆ ಬೇಡ ಅಂದ್ಬಿಟ್ಟೆ. ಹಡಗು ಹೊರಟಿದೆ. ಕ್ರಿಸ್‌ಮಸ್‌ಗೆ ಬರ್ತೀನಿ."

ಲುಡಿವಿನಾ ಅದನ್ನು ಎರಡು ಸಲ ಓದಿದಳು. ಕಳಿಸಿದ ಫೈಲನ್ನು ಆಗಲೇ ಮೊದಲ ಸಲ ಹಾಕಿ ಕೇಳಿದಳು. ಒಂದು ಕಡೆಯೂ ತಡೆಯದೆ ಅಪ್ಪ ಪಟಪಟನೆ ಮಾತಾಡಿದರು: ಹೊತ್ತಿಗೆ ಸರಿಯಾಗಿ ಊಟ ಮಾಡು, ಇಂಜಿನ್ನಿನ ಹತ್ತಿರ ಹುಷಾರು, ಅಮ್ಮ ಚೆನ್ನಾಗಿದ್ದಾಳೆ, ನನ್ನ ಚಿಂತೆ ಬಿಡು. ಉಸಿರೆಂಬುದು ಎಲ್ಲಿಯೂ ಕೇಳಿಸಲಿಲ್ಲ.

ಗಂಜಿಯ ಸೌಟು ಹಿಡಿದುಕೊಂಡೇ ಅಮ್ಮ ಓಡಿಬಂದಳು. ಎಷ್ಟೋ ತಿಂಗಳಿಂದ ಕಾಣದಿದ್ದ ನಗು ಮುಖದ ತುಂಬ ಇತ್ತು.

"ನಿಮ್ಮಪ್ಪ ಎದ್ದು ಕೂತ್ರೇನೇ?"