ಬೇಡವೆಂದ ಕೊಸರು

ತರಕಾರಿ ಗಾಡಿಯ ಹನುಮಕ್ಕ ದಿನವೂ ಕೊಸರೆಂದು ನಾಲ್ಕು ಕಡ್ಡಿ ಕೊತ್ತಂಬರಿ ಸೊಪ್ಪು ಚೀಲಕ್ಕೆ ಹಾಕುವಳು.
ಸರ್ವಮಂಗಳಮ್ಮ ದಿನವೂ ಅದನ್ನು ತೆಗೆದು ವಾಪಸ್ ಇಡುವರು…

"ಬಿಟ್ಟಿ ಕೊಟ್ರೂ ಬ್ಯಾಡ ಅನ್ನೋರು ಈ ಓಣಿಗೆ ನೀವೊಬ್ರೇ ನೋಡ್ರಿ ಅಕ್ಕಾರೆ!"

"ನಮ್ಮನೆಯೋರಿಗೆ ಅದ್ರ ವಾಸ್ನೀನೇ ಆಗಲ್ಲ ಹನುಮಕ್ಕ."

ಸರಿ, ಆಕೆಗೆ? ತವರಿನ ಹಿತ್ತಲಲ್ಲಿ ಕೊತ್ತಂಬರಿಯನ್ನು ಹಸಿಹಸಿಯಾಗಿ ಕಿತ್ತು ತಿನ್ನುತ್ತಿದ್ದ ಹುಡುಗಿ ಆಕೆ! ರೊಟ್ಟಿಗೆ ಕೊತ್ತಂಬರಿ ಚಟ್ನಿ ಇದ್ದರೆ ಬೇರೇನೂ ಬೇಕಿರಲಿಲ್ಲ…

ಮದುವೆಯಾದ ಹೊಸತರಲ್ಲಿ ಒಮ್ಮೆ ಸಾರಿಗೆ ಆಸೆಯಿಂದ ಕೊತ್ತಂಬರಿ ಉದುರಿಸಿ ಬಡಿಸಿದ್ದರು.
ಗಂಡ ಚನ್ನವೀರಪ್ಪ, ಅತ್ತೆ ನಾದಿನಿಯರ ಎದುರಿಗೇ ತಟ್ಟೆ ತಳ್ಳಿ ಎದ್ದುಬಿಟ್ಟರು. "ಈ ಹುಲ್ಲು ಯಾರು ತಿಂತಾರೆ?"

ಅಷ್ಟೇ. ಅಂದಿನಿಂದ ಆ ಮನೆಯೊಳಗೆ ಕೊತ್ತಂಬರಿ ಬರಲಿಲ್ಲ. ಹಬ್ಬಕ್ಕೂ ಇಲ್ಲ, ಬಸುರಿಯಾಗಿ ಬಯಕೆ ಹತ್ತಿದಾಗಲೂ ಇಲ್ಲ…

ಮೊನ್ನೆ ಮಗಳ ನಿಶ್ಚಿತಾರ್ಥ. ಬೀಗರ ಮನೆಯಲ್ಲಿ ಊಟ.
ಚನ್ನವೀರಪ್ಪ ಬಡಿಸುವವನನ್ನು ಕೈಮಾಡಿ ಕರೆದರು. "ತಮ್ಮಾ, ಆ ಕೊತ್ತಂಬರಿ ಚಟ್ನಿ ಇನ್ನೊಂಚೂರು ಹಾಕಪ್ಪ… ಭಾಳ ರುಚಿ ಐತಿ!"

ಪಕ್ಕದಲ್ಲಿದ್ದ ಸರ್ವಮಂಗಳಮ್ಮನ ತುತ್ತು ಕೈಯಲ್ಲೇ ಉಳಿಯಿತು.
"ರೀ… ನಿಮಗೆ ಕೊತ್ತಂಬರಿ ಆಗಲ್ವಲ್ರೀ?"

ಅವರು ಜೋರಾಗಿ ನಕ್ಕರು.
"ಓ, ಅದಾ! ಹೊಸ ಹೆಂಡ್ತಿ ಒಂಚೂರು ಹದ್ದುಬಸ್ತಿನಾಗಿರ್ಲಿ ಅಂತ ಅವತ್ತು ಸುಮ್ನೆ ಎದ್ದು ಹೋಗಿದ್ದೆ. ಆಮೇಲೆ ನನಗೂ ಮರ್ತೇಹೋತು. ನೀನು ಹಾಕದೇ ಇದ್ದಿದ್ದು ನೋಡಿ, ನಿನಗೇ ಆಗಲ್ವೇನೋ ಅಂದ್ಕೊಂಡಿದ್ದೆ!"

ಕೇಳಿಸಿಕೊಂಡ ನೆಂಟರೂ ನಕ್ಕರು. ನಗುವಂಥ ಮಾತಾದರೂ ಏನಿತ್ತೋ!

ಮರುದಿನ ಸರ್ವಮಂಗಳಮ್ಮ ಕೊಸರನ್ನು ವಾಪಸ್ ಇಡಲಿಲ್ಲ. ಜೊತೆಗೆ ಒಂದು ಕಟ್ಟನ್ನೂ ಕೊಂಡರು.

ಹಸಿಮೆಣಸಿನಕಾಯಿ ಹಾಕಿ, ಥೇಟ್ ಅವ್ವ ಮಾಡುತ್ತಿದ್ದ ಹಾಗೆಯೇ ಚಟ್ನಿ ಅರೆದರು. ಬಿಸಿ ರೊಟ್ಟಿಗೆ ಹಚ್ಚಿ ಬಾಯಿಗಿಟ್ಟರು…

ಹೊಟ್ಟೆ ತೊಳಸಿ ಬಂತು!

ಗಂಡನಿಗೆ ಆಗದೆಂದು ವರ್ಷಗಟ್ಟಲೆ ಮುಖ ತಿರುಗಿಸಿ ತಿರುಗಿಸಿ, ಆ ವಾಸನೆ ಈಗ ಆಕೆಗೇ ಆಗುತ್ತಿರಲಿಲ್ಲ. ತುತ್ತನ್ನು ಉಗಿದು, ಸಿಂಕಿನ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು…

ಪಡಸಾಲೆಯಿಂದ ಗಂಡನ ದನಿ ಬಂತು. "ಏನೇ, ಚಟ್ನಿ ಘಮ್ ಅಂತೈತಿ… ನನಗೂ ಎರಡು ರೊಟ್ಟಿ ಹಾಕು!"

ಸರ್ವಮಂಗಳಮ್ಮ ಕಣ್ಣೊರೆಸಿಕೊಂಡು, ಇದ್ದಷ್ಟೂ ಚಟ್ನಿಯನ್ನು ಅವರ ತಟ್ಟೆಗೇ ಬಡಿಸಿದರು.

*ನೀವು ಒಂದು ಗಳಿಗೆ ತೋರಿಸಿ ಮರೆತ ದರ್ಪವನ್ನು, ಇನ್ನೊಬ್ಬರು ಜೀವನಪೂರ್ತಿ ಪಾಲಿಸುತ್ತಿರಬಹುದು.*

ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರಿಗೆ ಏನು ಇಷ್ಟ ಅಂತ… ನೀವು ಎಂದಾದರೂ ಕೇಳಿದ್ದೀರಾ?